ಸ್ಪಷ್ಟನೆ: ಬ್ರೆಂಟ್ ಸ್ಕೋಕ್ರಾಫ್ಟ್ ನಾಲ್ಕು ನಕ್ಷತ್ರದ ಜನರಲ್ ಅಲ್ಲ
ಅಮೆರಿಕದ ಬ್ರೆಂಟ್ ಸ್ಕೋಕ್ರಾಫ್ಟ್ ವಿಯೆಟ್ನಾಂನಲ್ಲಿ ಯುದ್ಧವಿಮಾನ ಹಾರಿಸಿದ ನಾಲ್ಕು ನಕ್ಷತ್ರದ ಜನರಲ್, ಸಮವಸ್ತ್ರದಲ್ಲೇ ಅಧ್ಯಕ್ಷ ಹಿರಿಯ ಬುಷ್‌ಗೆ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದರು, ಅದಕ್ಕೆ ಸೆನೆಟ್ ಒಪ್ಪಿಗೆ ಕೊಟ್ಟಿತ್ತು ಎಂಬ ಬರಹ ಹರಿದಾಡುತ್ತಿದೆ. ಇವುಗಳಲ್ಲಿ ಸಲಹೆಗಾರರಾಗಿದ್ದರು ಎಂಬುದೊಂದೇ ನಿಜ.

1947ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಹೊರಬಂದ ಅವರು ಪೈಲಟ್ ಆದದ್ದು ಹೌದು. ಆದರೆ 1949ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅವರ ಮಸ್ಟಾಂಗ್ ವಿಮಾನ ಪತನವಾಗಿ ಬೆನ್ನುಮೂಳೆ ಮುರಿಯಿತು. ಸುಮಾರು ಎರಡು ವರ್ಷ ಆಸ್ಪತ್ರೆವಾಸ. ಯುದ್ಧ ಪೈಲಟ್ ವೃತ್ತಿ ಅಲ್ಲಿಗೇ ಮುಗಿಯಿತು. ಮುಂದೆ ಅವರನ್ನು ಮೇಲೆತ್ತಿದ್ದು ಓದು: ರಷ್ಯಾ ಇತಿಹಾಸದ ಬೋಧನೆ, ಯುಗೊಸ್ಲಾವಿಯಾದ ಬೆಲ್‌ಗ್ರೇಡ್ ರಾಯಭಾರ ಕಚೇರಿಯ ಕೆಲಸ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ಅಧ್ಯಕ್ಷ ನಿಕ್ಸನ್‌ರ ಸೇನಾ ಸಹಾಯಕರಾಗಿ ಶ್ವೇತಭವನಕ್ಕೆ ಬಂದು, ಆಗ ಭದ್ರತಾ ಸಲಹೆಗಾರರಾಗಿದ್ದ ಹೆನ್ರಿ ಕಿಸಿಂಜರ್‌ಗೆ ಉಪ ಸಲಹೆಗಾರರಾದರು.

1975ರ ನವೆಂಬರ್‌ನಲ್ಲಿ ಕಿಸಿಂಜರ್ ಆ ಹುದ್ದೆ ಬಿಟ್ಟು ವಿದೇಶಾಂಗ ಖಾತೆಯನ್ನಷ್ಟೇ ಉಳಿಸಿಕೊಂಡಾಗ ಅಧ್ಯಕ್ಷ ಫೋರ್ಡ್ ಇವರನ್ನು ಸಲಹೆಗಾರರನ್ನಾಗಿ ನೇಮಿಸಿದರು. ವಾಯುಪಡೆಯಿಂದ ನಿವೃತ್ತರಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಲೆಫ್ಟಿನೆಂಟ್ ಜನರಲ್ ಆಗಿ, ಅಂದರೆ ಮೂರೇ ನಕ್ಷತ್ರ. 1989ರಲ್ಲಿ ಬುಷ್ ಕರೆದಾಗ ಅವರು ಅಪ್ಪಟ ನಾಗರಿಕ.

ಸೆನೆಟ್ ಗೊಂದಲ ಬಹುಶಃ ಸೇನಾಧಿಕಾರಿ ಕಾಲಿನ್ ಪೊವೆಲ್‌ರಿಂದ ಬಂದಿರಬೇಕು: ಅಧ್ಯಕ್ಷ ರೇಗನ್ ಕಾಲದಲ್ಲಿ ಸಮವಸ್ತ್ರ ಬಿಡದೆ ಈ ಹುದ್ದೆಯಲ್ಲಿದ್ದವರು ಅವರು. ಹುದ್ದೆಗೆ ಸೆನೆಟ್ ಅನುಮೋದನೆ ಬೇಕಿಲ್ಲ. ಸೇವೆಯಲ್ಲಿರುವ ಮೂರು ನಕ್ಷತ್ರದ ಅಧಿಕಾರಿ ಈ ಹುದ್ದೆಗೆ ಬಂದರೆ ಅವರ ದರ್ಜೆಗೆ ಮಾತ್ರ ಬೇಕು. 2017ರಲ್ಲಿ ಟ್ರಂಪ್‌ಗೆ ಭದ್ರತಾ ಸಲಹೆಗಾರರಾದ ಸೇನಾಧಿಕಾರಿ ಮೆಕ್‌ಮಾಸ್ಟರ್ ವಿಷಯದಲ್ಲೂ ಸೆನೆಟ್ ಮತ ಹಾಕಿದ್ದು ದರ್ಜೆಗೇ.

ಇರಾಕ್ ಯುದ್ಧಕ್ಕೆ ಸ್ಕೋಕ್ರಾಫ್ಟ್ ಅವರೇ ಕುಮ್ಮಕ್ಕು ಕೊಟ್ಟರೆಂಬ ಸಾಲೂ ಆ ಬರಹದಲ್ಲಿದೆ; ಅದನ್ನು 1991ರ ಕೊಲ್ಲಿ ಯುದ್ಧಕ್ಕಾದರೆ ಒಪ್ಪಬಹುದು. 2002ರ ಆಗಸ್ಟ್‌ನಲ್ಲಿ ಸದ್ದಾಂ ಮೇಲೆ ದಾಳಿ ಬೇಡವೆಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದವರೂ ಇವರೇ.