ಫೋಟೋ ಇದೆ, ಶಾಲೆ ಚೆನ್ನಾಗಿದೆ

ನಮ್ಮೂರಿನ ಕನ್ನಡ ಮಾಧ್ಯಮ ಎಲ್‌ಪಿ ಶಾಲೆಯಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತಿದೆ. ಬೇಕಾದರೆ ಫೋಟೋ ಇದೆ.

ಕೇರಳದ ಬಡಗು ತುದಿಯ ಕಾಸರಗೋಡಿನಲ್ಲಿ, ಚಂದ್ರಗಿರಿ ಹೊಳೆಯಿಂದ ಈಚೆ, ಕುಂಬಳೆ-ಮಂಜೇಶ್ವರದ ಗುಡ್ಡೆಗಳ ನಡುವೆ ಇಂಥ ಸಣ್ಣ ಶಾಲೆಗಳು ಬೇಕಾದಷ್ಟಿವೆ. ಒಂದರಿಂದ ನಾಲ್ಕನೇ ಕ್ಲಾಸು, ಹೆಂಚಿನ ಮಾಡು, ಎದುರಿಗೊಂದು ಅಂಗಳ. ನಮ್ಮದೂ ಅದರಲ್ಲೊಂದು. ಹೆಸರು ಬೇಡ. ಹೆಸರು ಹಾಕಿದರೆ ಹೆಡ್‌ಮಾಸ್ಟ್ರಿಗೆ ಇನ್ನೊಂದು ವರದಿ ಕಳಿಸುವ ಕೆಲಸ ಬೀಳುತ್ತದೆ. ಮಗಳನ್ನು ಸೇರಿಸಿದ ದಿನವೇ ನನ್ನನ್ನು ಶಾಲೆಯ ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ಅವಳು ಏನು ಕಲಿತಳು ಅಂತ ಆ ಗ್ರೂಪಿನಲ್ಲಿ ಈವರೆಗೆ ಬಂದಿಲ್ಲ. ಶಾಲೆ ಏನನ್ನು ಆಚರಿಸಿತು ಎಂಬುದು ಮಾತ್ರ ಒಂದು ದಿನವೂ ತಪ್ಪಿಲ್ಲ.

ಜೂನ್ ಬಂತೆಂದರೆ ಪ್ರವೇಶೋತ್ಸವ. ಬಲೂನು, ತೋರಣ, ಪಾಯಸ, ವಾರ್ಡ್ ಮೆಂಬರರ ಭಾಷಣ. ಒಂದನೇ ಕ್ಲಾಸಿನವರ ತಲೆಗೆ ಕಾಗದದ ಕಿರೀಟ. ಅಳುವ ಮಗುವನ್ನು ಫೋಟೋದಿಂದ ಸ್ವಲ್ಪ ಆಚೆ ನಿಲ್ಲಿಸುತ್ತಾರೆ. ಆಮೇಲೆ ಆರನೇ ಕೆಲಸದ ದಿನ ತಲೆ ಎಣಿಕೆ. ಟೀಚರ್ ಹುದ್ದೆ ಉಳಿಯುವುದೂ ಹೋಗುವುದೂ ಆ ಲೆಕ್ಕದ ಮೇಲೆ. ಹಾಗಾಗಿ ಅಲ್ಲಿಯವರೆಗೆ ನಮ್ಮ ಮಕ್ಕಳಿಗೆ ಹೊಸ ಅಳಿಯನ ಉಪಚಾರ. ಜ್ವರ ಬಂದ ಹುಡುಗನನ್ನು ಕರೆದುಕೊಂಡು ಹೋಗಲು ಮಾಸ್ಟ್ರೇ ಬೈಕಿನಲ್ಲಿ ಮನೆಗೆ ಬರುತ್ತಾರೆ. ಏಳನೇ ದಿನ ಜ್ವರ ಬಂದವನು ಆರಾಮವಾಗಿ ಮಲಗಬಹುದು.

ಜೂನ್ 5, ಪರಿಸರ ದಿನ. ನಮ್ಮೂರಲ್ಲಿ ಮಳೆ ಬಿದ್ದರೆ ಕಲ್ಲಿನ ಮೇಲೂ ಏನಾದರೊಂದು ಮೊಳೆಯುತ್ತದೆ. ಗಿಡ ನೆಡಲು ಖಾಲಿ ಜಾಗ ಸಿಗುವುದೇ ಕಷ್ಟ. ಬ್ಯಾನರ್ ಬೇರೆ ಪೂರ್ತಿ ಕಾಣಬೇಕಲ್ಲ? ಹಾಗಾಗಿ ಮೊದಲು ಬೇಲಿಯ ಪಕ್ಕದ ನಾಲ್ಕು ಗಿಡ ಕಡಿದರು. ಆಮೇಲೆ ಒಂದು ಗಿಡ ನೆಟ್ಟರು. ಅದಕ್ಕೆ ಎಂಟು ಜನ ದೊಡ್ಡವರು ಕೈ ಹಚ್ಚಿದರು. ಗಿಡ ಪೇರಳೆಯೋ ನೆಲ್ಲಿಯೋ ಅಂತ ಫೋಟೋದಲ್ಲಿ ಗೊತ್ತಾಗುವುದಿಲ್ಲ, ಕೈಗಳೇ ಕಾಣುತ್ತವೆ.

ಜೂನ್ 19, ವಾಚನ ದಿನ. ಕೇರಳದ ಊರೂರಲ್ಲಿ ಗ್ರಂಥಾಲಯ ಕಟ್ಟಿಸಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ. ದೊಡ್ಡ ಮನುಷ್ಯ, ಅವರ ಬಗ್ಗೆ ತಕರಾರಿಲ್ಲ. ಆ ದಿನ ಕಪಾಟಿನ ಬೀಗ ತೆಗೆದು ಎಲ್ಲ ಮಕ್ಕಳ ಕೈಗೆ ಒಂದೊಂದು ಪುಸ್ತಕ ಕೊಟ್ಟರು. ಕ್ಲಿಕ್ ಆಯಿತು. ಕೂಡಲೇ ಪುಸ್ತಕ ಎಣಿಸಿ ಒಳಗಿಟ್ಟು ಬೀಗ ಹಾಕಿದರು. ಓದಿದರೆ ಪುಸ್ತಕ ಹಾಳಾಗುತ್ತದೆ, ಹಾಳಾದರೆ ಸ್ಟಾಕ್ ರಿಜಿಸ್ಟರ್ ತಾಳೆಯಾಗುವುದಿಲ್ಲ. ಮಗಳು ಮನೆಗೆ ಬಂದು, 'ಅಪ್ಪಾ, ನನಗೆ ಸಿಕ್ಕಿದ ಪುಸ್ತಕದಲ್ಲಿ ನರಿ ಬಾವಿಗೆ ಬಿದ್ದಿತ್ತು, ಆಮೇಲೆ ಏನಾಯಿತು?' ಎಂದು ಕೇಳಿದಳು. ಮುಂದಿನ ಜೂನ್‌ನಲ್ಲಿ ನೋಡು ಎಂದೆ.

ಜುಲೈ 21 ಚಂದ್ರ ದಿನ. ಈ ದಿನವನ್ನು ನಮ್ಮ ಕರಾವಳಿಗೆ ಯಾರು ಹೊಂದಿಸಿದರೋ! 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ನಮ್ಮ ಗಡಿಯಾರದಲ್ಲಿ ಜುಲೈ 21 ಆಗಿತ್ತು, ಸರಿ. ಆದರೆ ಜುಲೈಯಲ್ಲಿ ಮಂಜೇಶ್ವರದ ಮಕ್ಕಳಿಗೆ ಚಂದ್ರ ಬಿಡಿ, ಸೂರ್ಯನನ್ನು ನೋಡಿ ವಾರವಾಗಿರುತ್ತದೆ. ಒಂದು ವರ್ಷ ಅದೇ ದಿನ ಮಳೆಗೆ ಕಲೆಕ್ಟರ್ ರಜೆ ಕೊಟ್ಟರು. ಆಚರಣೆಗೆ ರಜೆ ಇಲ್ಲ. 'ಮಕ್ಕಳನ್ನು ಮನೆಯಲ್ಲೇ ಗಗನಯಾತ್ರಿ ಮಾಡಿ ಫೋಟೋ ಹಾಕಿ' ಎಂದು ಮೆಸೇಜ್ ಬಂತು. ಕರೆಂಟಿಲ್ಲದ ಮನೆಗಳಲ್ಲಿ ಟಾರ್ಚ್ ಹಿಡಿದು, ತಲೆಗೆ ಇಡ್ಲಿ ಬೇಯಿಸುವ ಅಟ್ಟಿನಳಗೆಯ ಮುಚ್ಚಳ ಕಟ್ಟಿ, ಎಷ್ಟೊಂದು ಮಕ್ಕಳು ಚಂದ್ರನಲ್ಲಿ ಇಳಿದರು! ಗ್ರೂಪಿನಲ್ಲಿ ಹೆಬ್ಬೆರಳುಗಳ ಸುರಿಮಳೆ. ಪಕ್ಕದ ಮನೆಯ ಹುಡುಗ ಚಂದ್ರನಲ್ಲಿ ಇಳಿದದ್ದು ಇನ್ನೂ ಅಪ್‌ಲೋಡ್ ಆಗುತ್ತಿದೆ, ಅವನ ಮನೆಯಲ್ಲಿ ರೇಂಜ್ ಇಲ್ಲ.

ಆಗಸ್ಟ್ 6 ಹಿರೋಷಿಮಾ, 9 ನಾಗಸಾಕಿ. ಕಾಗದದ ಕೊಕ್ಕರೆ, 'ಯುದ್ಧ ಬೇಡ' ಪೋಸ್ಟರ್, ಅಂಗಳದಲ್ಲಿ ಮೆರವಣಿಗೆ. ಮಕ್ಕಳು ಯುದ್ಧ ಬೇಡ ಎನ್ನುವುದು ಒಳ್ಳೆಯದೇ. ಬದಿಯಡ್ಕದ ಹತ್ತಿರ ಬಾಳಿ, ನೂರು ವರ್ಷ ತುಂಬಿದ ಮೇಲೆ ಕಯ್ಯಾರ ಕಿಞ್ಞಣ್ಣ ರೈಯವರು ತೀರಿಕೊಂಡದ್ದೂ 2015ರ ಆಗಸ್ಟ್ 9ರಂದೇ. ಕವಿ, ಸ್ವಾತಂತ್ರ್ಯ ಹೋರಾಟಗಾರ, ಎಲ್ಲಕ್ಕಿಂತ ಮುಖ್ಯವಾಗಿ ಇದೇ ಊರುಗಳ ಕನ್ನಡ ಮಾಸ್ಟ್ರು. ಅವರ ಫೋಟೋಕ್ಕೊಂದು ಹೂ ಇಡಬಹುದಲ್ವಾ ಎಂದು ರಕ್ಷಕ ಶಿಕ್ಷಕ ಸಂಘದ ಮೀಟಿಂಗಿನಲ್ಲಿ ಕೇಳಿದೆ. ಪಟ್ಟಿಯಲ್ಲಿಲ್ಲ ಎಂದರು. ಪಟ್ಟಿ ಮೇಲಿನಿಂದ ಬರುತ್ತದೆ, ಮಲಯಾಳದಲ್ಲಿ.

ಈಗ ಟೀಚರ್ ವಿಷಯ. ಅವರು ಹೊಸಬರು. ತುಂಬಾ ಒಳ್ಳೆಯವರು, ಮಕ್ಕಳೆಂದರೆ ಪ್ರಾಣ. ತೆಂಕಿನಿಂದ ಬಂದವರು, ಕನ್ನಡ ಒಂದಕ್ಷರ ಬರುವುದಿಲ್ಲ. ಇದೇನು ನಮ್ಮ ಶಾಲೆಗೆ ಮಾತ್ರ ಸಿಕ್ಕಿದ ಭಾಗ್ಯವಲ್ಲ. ಗಡಿಯ ಕನ್ನಡ ಶಾಲೆಗಳಿಗೆ ಕನ್ನಡ ಬಾರದವರ ನೇಮಕ ಆಗುವುದು, ಮಕ್ಕಳು ಹೆತ್ತವರು ಗೇಟಿನಲ್ಲಿ ಕೂತು ಪ್ರತಿಭಟಿಸುವುದು, ವಿಷಯ ಕೋರ್ಟಿಗೆ ಹೋಗುವುದು, ಇದೂ ಈಗ ಒಂದು ವಾರ್ಷಿಕ ಆಚರಣೆಯೇ. ಸಂವಿಧಾನದ 350ಎ ವಿಧಿಯಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕು ಎಂದಿದೆ. ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದ 1956ರಲ್ಲೇ ಸೇರಿಸಿದ ಮಾತು ಅದು. ಕಲಿಸುವವರಿಗೂ ಆ ಭಾಷೆ ಬರಬೇಕು ಅಂತ ಬೇರೆಯೇ ಬರೆಯಬೇಕಾದೀತು ಎಂದು ಪಾಪ, ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಕ್ಲಾಸು ಹೇಗೆ ನಡೆಯುತ್ತದೆ ಅಂತೀರಾ? ಪುಸ್ತಕ ಕನ್ನಡದ್ದು. ಟೀಚರ್ ಮಲಯಾಳದಲ್ಲಿ ಹೇಳುತ್ತಾರೆ. ಮಕ್ಕಳಲ್ಲಿ ಒಬ್ಬಳು ಮನೆಯಲ್ಲಿ ತುಳು, ಒಬ್ಬ ಬ್ಯಾರಿ, ಇನ್ನೊಬ್ಬ ಕೊಂಕಣಿ. ಕಾಸರಗೋಡು ಸಪ್ತ ಭಾಷೆಗಳ ನಾಡು ಎಂದು ಭಾಷಣದಲ್ಲಿ ಕೇಳುತ್ತೇವಲ್ಲ, ಆ ಏಳೂ ಭಾಷೆ ಒಂದೇ ಬೆಂಚಿನಲ್ಲಿ ಕೂತು ಎಂಟನೆಯದಾಗಿ ಕೈಸನ್ನೆ ಕಲಿಯುತ್ತಿವೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನಿಗೆ ಕನ್ನಡ, ಮಲಯಾಳ ಎರಡೂ ಬರುತ್ತದೆ. ಅವನೇ ಈಗ ದುಭಾಷಿ. ಅವನು ರಜೆ ಹಾಕಿದ ದಿನ ಕ್ಲಾಸಿಗೆ ಡ್ರಾಯಿಂಗ್.

ಆದರೆ ಫೋಟೋ ನೋಡಬೇಕು! ಟೀಚರ್ ಬೋರ್ಡಿನ ಹತ್ತಿರ ನಿಂತು ಕೈ ಎತ್ತಿದ್ದಾರೆ. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದಾರೆ. ಅರ್ಥವಾಗದೆ ತೆರೆದ ಬಾಯಿಯೋ, ಬೆರಗಿನಿಂದ ತೆರೆದ ಬಾಯಿಯೋ ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಫೋಟೋದಲ್ಲಿ ಶಬ್ದ ಇಲ್ಲವಲ್ಲ, ಅದೊಂದು ದೊಡ್ಡ ಸೌಕರ್ಯ. ಕೆಳಗೆ ತಾರೀಕು, ಸಮಯ, ಅಕ್ಷಾಂಶ, ರೇಖಾಂಶ ಎಲ್ಲ ಬರುತ್ತದೆ. ಭಾಷೆ ಒಂದು ಬರುವುದಿಲ್ಲ. 'ಅತ್ಯುತ್ತಮ ಕಲಿಕಾ ವಾತಾವರಣ' ಎಂದು ಮೇಲಿನಿಂದ ಉತ್ತರ ಬಂತು. ಹೆಡ್‌ಮಾಸ್ಟ್ರು ಅದನ್ನು ಗ್ರೂಪಿಗೆ ಹಾಕಿದರು. ನಾವೂ ಕೈ ಮುಗಿದ ಚಿತ್ರ ಹಾಕಿದೆವು. ಹಾಕದಿದ್ದರೆ ಯಾರು ನೋಡಿಲ್ಲ ಅಂತ ಅವರಿಗೆ ಕಾಣುತ್ತದೆ.

ಹೀಗೆ ಮೊಟ್ಟೆ, ಹಾಲು, ಓಝೋನ್, ಕೈ ತೊಳೆಯುವುದು ಅಂತ ಎಲ್ಲದರ ದಿನ ಮುಗಿಸಿ ನವೆಂಬರ್ 1ಕ್ಕೆ ಬಂದೆವು. ತಲಪಾಡಿ ಗೇಟು ದಾಟಿದರೆ ಆಚೆ ಅಂದು ಕನ್ನಡ ರಾಜ್ಯೋತ್ಸವ, ಹಳದಿ-ಕೆಂಪು ಬಾವುಟ. ಈಚೆ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ, ಜರಿ ಅಂಚಿನ ಕಸವು ಸೀರೆ. 1956ರಲ್ಲಿ ಕಾಸರಗೋಡು ಕೇರಳದ ಪಾಲಾದದ್ದೂ ಅಂದೇ. ಸೊಂಟದಲ್ಲಿ ನಿಲ್ಲದ ಸೀರೆಗೆ ನಮ್ಮ ಮಗಳ ಅಜ್ಜಿ ನಾಲ್ಕು ಪಿನ್ನು ಹಾಕಿ, 'ಇವತ್ತೇ ನಾವು ಹಿಂದೆಲ್ಲ ಕಪ್ಪು ಬಾವುಟ ಹಿಡೀತಿದ್ದದ್ದು ಮಗಾ' ಎಂದರು. ಮಗಳು, 'ಅಜ್ಜಿ, ಅದರ ಫೋಟೋ ಉಂಟಾ?' ಎಂದಳು.

ಈ ಸಲದ ಹೊಸ ಐಡಿಯಾ: ಮಕ್ಕಳನ್ನೇ ಕೇರಳದ ನಕ್ಷೆಯ ಹಾಗೆ ಅಂಗಳದಲ್ಲಿ ನಿಲ್ಲಿಸುವುದು. ಕೇರಳ ಸಪೂರ ಇರುವುದು ನಮ್ಮಂಥ ಶಾಲೆಗೆ ಅನುಕೂಲವೇ ಆಯಿತು. ರಾಜಸ್ಥಾನದಲ್ಲಿ ಹುಟ್ಟಿದ್ದರೆ ಅಷ್ಟು ಮಕ್ಕಳನ್ನು ಎಲ್ಲಿಂದ ತರುವುದು? ಸುಣ್ಣದಲ್ಲಿ ಗೆರೆ ಎಳೆದರು. ದೊಡ್ಡ ಮಕ್ಕಳು ತೆಂಕಿನಲ್ಲಿ, ಒಂದನೇ ಕ್ಲಾಸಿನ ಚಿಕ್ಕವರು ತುದಿಯಲ್ಲಿ, ಅಂದರೆ ಮಂಜೇಶ್ವರ. ಮಾಸ್ಟ್ರು ಅಡುಗೆ ಕೋಣೆಯ ತಾರಸಿ ಹತ್ತಿ ಫೋಟೋ ತೆಗೆದರು. ಗ್ರೂಪಿಗೆ ಬಂತು, ಮೇಲಿನವರಿಗೂ ಹೋಯಿತು. ಎಲ್ಲ ಕಡೆಯಿಂದ ಹೆಬ್ಬೆರಳು, ಚಪ್ಪಾಳೆ, ಹೂ.

ಸಂಜೆ ಅಜ್ಜಿ ಮೊಮ್ಮಗಳನ್ನು ಹುಡುಕಿದರು. ಸಿಗಲಿಲ್ಲ. ನೋಡಿದರೆ ಮೇಲಿನ ತುದಿ ಫೋಟೋದಲ್ಲಿ ಬಂದಿಲ್ಲ. ಹೊಳೆಯ ಹತ್ತಿರ ಸರಿಯಾಗಿ ಕಟ್ ಆಗಿದೆ. ಚಂದ್ರಗಿರಿಯ ಬಡಗು ಭಾಗ ಮೈಸೂರಿಗೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಎಂದು ಗಡಿ ತಕರಾರು ನೋಡಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತ್ತಲ್ಲ? ದಿಲ್ಲಿಯಲ್ಲಿ ಆಗದ್ದು ನಮ್ಮ ಅಡುಗೆ ಕೋಣೆಯ ತಾರಸಿಯಲ್ಲಿ ಆಗಿಬಿಟ್ಟಿತ್ತು. ಮೇಲಿನವರು ಯಾರೂ ಗಮನಿಸಲಿಲ್ಲ. ಹೆಬ್ಬೆರಳುಗಳು ಬರುತ್ತಲೇ ಇದ್ದವು.

ನಾನು ಹೆಡ್‌ಮಾಸ್ಟ್ರಿಗೆ ಫೋನ್ ಮಾಡಿದೆ. ಅವರು ನೊಂದುಕೊಂಡು, ಮರುದಿನ ಮಕ್ಕಳಿಗೆ ಮತ್ತೆ ಸೀರೆ ಉಡಿಸಿ ತರಲು ಹೇಳಿದರು. ಮತ್ತೆ ಸುಣ್ಣ, ಮತ್ತೆ ತಾರಸಿ. ಈ ಸಲ ಮಾಸ್ಟ್ರು ಮೊಬೈಲನ್ನು ಸ್ವಲ್ಪ ಮೇಲಕ್ಕೆ ಹಿಡಿದರು. ಮಂಜೇಶ್ವರ ಪೂರ್ತಿ ಬಂತು, ಮಗಳ ಪಿನ್ನು ಕೂಡ ಕಂಡಿತು. ತಿರುವನಂತಪುರ ಕಟ್ ಆಯಿತು.

ಅರ್ಧ ಗಂಟೆಯೊಳಗೆ ಮೇಲಿನಿಂದ ಫೋನ್ ಬಂತು.