ಕೊನೇ ಸಾಲಿನವರ ಫ್ರೆಡ್ಡಿ

ಸೆಪ್ಟೆಂಬರ್ 5 ಬಂತೆಂದರೆ ಫೇಸ್‌ಬುಕ್ ತುಂಬ ಮಾಸ್ತರರು, ಅಕ್ಕೋರುಗಳ ಫೋಟೋ. ನನ್ನ ಪುಟದಲ್ಲಿ ಮಾತ್ರ ಅವರ ಮಧ್ಯೆ ಒಬ್ಬ ಮೀಸೆಯವ ಹಳದಿ ಜಾಕೆಟ್ ಹಾಕಿ, ಮುಷ್ಟಿ ಎತ್ತಿ, ಎದೆ ಸೆಟೆಸಿ ನಿಂತಿರುತ್ತಾನೆ. ಅವನೇ ಬ್ರಿಟನ್ನಿನ 'ಕ್ವೀನ್' ಎಂಬ ರಾಕ್ ತಂಡದ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ, ಹುಟ್ಟಿದ್ದು 1946ರಲ್ಲಿ, ಅದೇ ತಾರೀಕಿಗೆ. ಆ ದಿನ ಕಾರವಾರದ ಕಾಲೇಜಿನ ಹಳೇ ದೋಸ್ತರಿಂದ ಫೋನ್ ಬರುತ್ತದೆ. ಒಬ್ಬನಿಗೆ ಮೀಸೆಯ ನೆನಪು, ಒಬ್ಬಳಿಗೆ ಕಿರೀಟದ್ದು, ಮತ್ತೊಬ್ಬನಿಗೆ ಯಾರಿಗೋ ಕೊಟ್ಟು ವಾಪಸ್ ಬಾರದ ಕ್ಯಾಸೆಟ್ಟಿನದ್ದು. ಈ ಸಲ ಶಿರಸಿ ಕಡೆ ಒಂದು ಉಪನಯನದ ಮನೆಯಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಸಿಕ್ಕರು. ಹಿಂದೂಸ್ತಾನಿ ಕೇಳಿ ಪಳಗಿದ ಕಿವಿ ಅವರದ್ದು. "ಸ್ವರಕ್ಕೆ ಎಂತ ಹೇಳ ಹಂಗೂ ಇಲ್ಲೆ ಮಾರಾಯಾ. ಆದ್ರೆ ಇಷ್ಟೆಲ್ಲ ವೇಷ ಎಂತಕ್ಕೆ?" ಅಂದರು. ಪಂಕ್ತಿಯಲ್ಲಿ ಪಾಯಸ ಬಂತು, ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ, ಸ್ವಲ್ಪ ಉದ್ದ ಆದೀತು.

ಮೊದಲು ಅವನು ನಮಗೆ ತಲುಪಿದ ಬಗೆ ಹೇಳಬೇಕು. ಅವನು ತೀರಿಕೊಂಡಿದ್ದು 1991ರ ನವೆಂಬರ್ 24ಕ್ಕೆ. ನಾವು ಅವನ ಹೆಸರು ಕೇಳಿದ್ದೇ ಅದಾಗಿ ಎಷ್ಟೋ ವರ್ಷಕ್ಕೆ. ಕಾರವಾರದ ಕ್ರಿಶ್ಚಿಯನ್ ಗೆಳೆಯನೊಬ್ಬನ ಮಾವ ಹಡಗಿನ ಕೆಲಸದಲ್ಲಿದ್ದರು. ಅವರು ತಂದ ಕ್ಯಾಸೆಟ್ಟು ಮಡಗಾಂವಿನಲ್ಲಿ ಒಂದು ಸಲ ಕಾಪಿಯಾಗಿ, ಕಾರವಾರದಲ್ಲಿ ಇನ್ನೊಂದು ಸಲ ಕಾಪಿಯಾಗಿ ನಮ್ಮ ರೂಮಿಗೆ ಬಂತು. ಅಷ್ಟರಲ್ಲಿ ಡ್ರಮ್ಮಿನ ಸದ್ದು ಗೋಣಿಚೀಲ ಬಡಿದ ಹಾಗೆ ಆಗಿತ್ತು, ಒಂದು ಹಾಡು ಬಿ ಸೈಡಿನ ಕೊನೆಯಲ್ಲಿ ಅರ್ಧಕ್ಕೇ ಕತ್ತರಿಸಿಹೋಗಿತ್ತು. ಆ ಹಾಡೇ 'ಬೊಹೀಮಿಯನ್ ರಾಪ್ಸಡಿ'. 1975ರದ್ದು, ಆರು ನಿಮಿಷಕ್ಕೆ ಸ್ವಲ್ಪ ಕಡಿಮೆ. ಇಷ್ಟುದ್ದದ ಹಾಡನ್ನು ರೇಡಿಯೋದಲ್ಲಿ ಯಾರು ಹಾಕುತ್ತಾರೆ ಎಂಬ ಮಾತುಗಳ ನಡುವೆಯೇ ಬಿಡುಗಡೆಯಾಗಿ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. ನಡುವೆ ಬರುವ ಆ ಗುಂಪುಗಾಯನ ಕೇಳಿ, ಇವರು ಯಾವುದೋ ಇಗರ್ಜಿಯ ಕಾಯರ್ ಪೂರ್ತಿ ಕರೆಸಿದ್ದಾರೆ ಎಂದೇ ನಮ್ಮ ವಾದ. ತಂಡದ ಮೂರೇ ಜನ ತಮ್ಮ ದನಿಯ ಮೇಲೆ ದನಿ, ಅದರ ಮೇಲೆ ದನಿ ಎಂದು ಪದರ ಪದರವಾಗಿ ರೆಕಾರ್ಡ್ ಮಾಡಿದ್ದು ಎಂದು ತಿಳಿದಿದ್ದು ಎಷ್ಟೋ ಕಾಲದ ಮೇಲೆ. ವಾದ ಮಾಡುವಾಗ ಅವರ ಮುಖವನ್ನೂ ನಾವು ನೋಡಿರಲಿಲ್ಲ.

ಮುಖ ನೋಡಿದ ಮೇಲೆ ಶುರುವಾಯಿತು ನೋಡಿ ತಕರಾರು. ಮೈಗಂಟಿದ ಕಪ್ಪು-ಬಿಳಿ ಚೌಕಳಿ ಉಡುಪು, ಹೊಕ್ಕಳವರೆಗೆ ತೆರೆದ ಎದೆ, ಉಗುರಿಗೆ ಕಪ್ಪು ಬಣ್ಣ. ರಜೆಗೆ ಊರಿಗೆ ಒಯ್ದ ಪತ್ರಿಕೆಯಲ್ಲಿ ಆ ಚಿತ್ರ ನೋಡಿದ ಆಯಿ, "ಇಂವ ಹಾಸ್ಯಗಾರನನಾ ಮಾಣಿ?" ಎಂದು ಕೇಳಿದ್ದಳು. ತಮಾಷೆಗಲ್ಲ, ನಿಜವಾಗಿಯೇ. ವೇಷ ಕಂಡರೆ ಪಾತ್ರ ಯಾವುದು ಎಂದು ಕೇಳುವುದು ನಮ್ಮ ಕಡೆಯವರ ಅಭ್ಯಾಸ. ನನಗೆ ಈಗಲೂ ಅದೇ ಸರಿಯಾದ ಪ್ರಶ್ನೆ ಅನ್ನಿಸುತ್ತದೆ. ಈ ಉಡುಪಿನ ಅಗತ್ಯವೇನು ಎಂದು ಕೇಳುವ ಬದಲು ಇದು ಯಾವ ಪಾತ್ರದ ವೇಷ ಎಂದು ಕೇಳಿದರೆ ಫ್ರೆಡ್ಡಿ ಅರ್ಧ ಅರ್ಥವಾದ ಹಾಗೆ.

ಯಕ್ಷಗಾನದ ಆಟ ನೋಡಲು ಹೋದಾಗ ನಾವೆಲ್ಲ ಕೂರುತ್ತಿದ್ದುದು ಹಿಂದೆ. ಮುಂದಿನ ಕುರ್ಚಿ ಊರ ಪ್ರಮುಖರಿಗೆ, ಆಮೇಲೆ ಚಾಪೆ, ಅದರ ಹಿಂದೆ ಕಡಲೆಕಾಯಿ ಪೊಟ್ಟಣ ಹಿಡಿದು ನಿಂತ ಜನ. ಕಿರೀಟ, ಭುಜಕೀರ್ತಿ, ಮುಖದ ಬಣ್ಣ, ಮೈ ತುಂಬುವ ಆ ಉಬ್ಬು, ಎಲ್ಲ ಇರುವುದು ಆ ನಿಂತವರ ಸಲುವಾಗಿ. ಕುರ್ಚಿಯವನಿಗೆ ಕಣ್ಣು ಕಾಣುತ್ತದೆ, ಹಿಂದಿನವನಿಗೆ ಕಾಣುವುದು ಒಟ್ಟು ಆಕೃತಿ ಮಾತ್ರ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರನಾಗಿಯೋ ಕೀಚಕನಾಗಿಯೋ ರಂಗಸ್ಥಳಕ್ಕೆ ಬಂದರೆ ಆ ಹಿಂದಿನ ಜನ ಇದ್ದಕ್ಕಿದ್ದಂತೆ ಮುಂದೆ ಬಂದುಬಿಟ್ಟ ಹಾಗೆ ಆಗುತ್ತಿತ್ತು. "ಚಿಟ್ಟಾಣಿದು ಅತಿಯಾತು" ಎಂದು ನಮ್ಮನೆ ಜಗಲಿಯಲ್ಲೇ ಕವಳ ಹಾಕುತ್ತ ತೀರ್ಪು ಕೊಟ್ಟವರಿದ್ದರು. ಅವರೇ ಮರುವಾರ ಹೊನ್ನಾವರಕ್ಕೆ ಬಸ್ಸು ಹತ್ತಿ ಅದೇ ಕೀಚಕನನ್ನು ನೋಡಿ ಬರುತ್ತಿದ್ದರು. 2012ರಲ್ಲಿ ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂದಾಗ ಅತ್ಯಂತ ಜೋರಾಗಿ ಸಂಭ್ರಮಿಸಿದ್ದೂ ಈ ಬಯ್ಯುವ ಪಾರ್ಟಿಯೇ.

ಫ್ರೆಡ್ಡಿಗೂ ಅದೇ ಮಾತು ಅಂದರು, ಇಂಗ್ಲಿಷಿನ ಸಂಗೀತ ವಿಮರ್ಶಕರು. ಅತಿ, ಆಡಂಬರ, ನಾಟಕೀಯ. ನಾಟಕೀಯ ಎನ್ನುವುದನ್ನು ಬೈಗುಳ ಮಾಡಿಕೊಂಡವರಿಗೆ ರಾತ್ರಿಯಿಡೀ ಆಟ ನೋಡಿದ ನಾವೇನು ಹೇಳೋಣ? ರಾಕ್ ಗಾಯಕ ಜೀನ್ಸು ಹಾಕಿ, ತಲೆ ತಗ್ಗಿಸಿ, ತನ್ನ ಸಂಕಟ ತಾನೇ ಹಾಡಿಕೊಂಡರೆ ಅದು ಪ್ರಾಮಾಣಿಕ, ಇವನು ಕಿರೀಟ ಇಟ್ಟು ಕೆಂಪು ನಿಲುವಂಗಿ ಹೊದ್ದು ಬಂದರೆ ಬೂಟಾಟಿಕೆ ಎಂಬ ಲೆಕ್ಕ ಅವರದ್ದು. ಆ ಲೆಕ್ಕದಲ್ಲಿ ಕೊನೇ ಸಾಲಿನವನಿಗೆ ಜಾಗವೇ ಇಲ್ಲ.

ವೇಷ ಎಂತಕ್ಕೆ ಎಂದು ಕೇಳಿದ ಹಿರಿಯರಿಗೆ ನಾನು ಕೊಡಬೇಕಿದ್ದ ಉತ್ತರ ಒಂದೇ: 1985ರ ಜುಲೈ 13. ಇಥಿಯೋಪಿಯದ ಬರಗಾಲಕ್ಕೆ ಹಣ ಕೂಡಿಸಲು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಲೈವ್ ಏಡ್. ಸುಮಾರು 72,000 ಜನ. ಕ್ವೀನ್ ತಂಡಕ್ಕೆ ಸಿಕ್ಕಿದ್ದು ಇಪ್ಪತ್ತು ನಿಮಿಷದ ಆಸುಪಾಸು. ಸಂಜೆ ಏಳೂ ಆಗಿರಲಿಲ್ಲ, ಬೇಸಿಗೆಯ ಬೆಳಕು ಇನ್ನೂ ಹಾಗೇ ಇತ್ತು, ಹಾಗಾಗಿ ಬಣ್ಣದ ದೀಪವೂ ಉಪಯೋಗಕ್ಕಿಲ್ಲ. ವೇದಿಕೆ ಎಲ್ಲ ತಂಡಗಳಿಗೂ ಒಂದೇ. ಅವತ್ತು ಅವನು ಹಾಕಿದ್ದು ಏನು ಗೊತ್ತೇ? ಒಂದು ಬಿಳಿ ಬನಿಯನ್ನು, ಮಾಸಲು ಜೀನ್ಸು, ತೋಳಿಗೊಂದು ಮೊಳೆ ಹೊಡೆದ ಪಟ್ಟಿ. ನಮ್ಮ ಕಾರವಾರದ ಬೈತಖೋಲ ಬಂದರದಲ್ಲಿ ದೋಣಿಯಿಂದ ಮೀನಿನ ಬುಟ್ಟಿ ಇಳಿಸುವವರ ಮೈಮೇಲಿರುವ ಬಟ್ಟೆ, ಅಷ್ಟೇ! ಅದರಲ್ಲೇ ಅವನು ಎಲ್ಲ ಕಿರೀಟಗಳಿಗಿಂತ ದೊಡ್ಡದಾಗಿ ಕಂಡ. ಪಿಯಾನೋ ಮುಂದೆ ಕೂತು ಎರಡು ಸುತ್ತು ನುಡಿಸುತ್ತಿದ್ದ ಹಾಗೆ ಜನ ಕೂಗತೊಡಗುತ್ತಾರೆ. ಎರಡನೇ ಹಾಡಿಗೆ ಅಷ್ಟೂ ಜನರ ಕೈ ತಲೆ ಮೇಲೆ ಹೋಗಿ ಒಂದೇ ತಾಳಕ್ಕೆ ಚಪ್ಪಾಳೆ. ನಡುವೆ ಹಾಡು ನಿಲ್ಲಿಸಿ ಬರೀ ಸ್ವರ ಎಸೆಯುತ್ತಾನೆ, ಜನ ವಾಪಸ್ ಎಸೆಯುತ್ತಾರೆ. ಅವನು ಇನ್ನೂ ಎತ್ತರಕ್ಕೆ ಒಯ್ಯುತ್ತಾನೆ, ಅವರೂ ಹೋಗುತ್ತಾರೆ. ಭಾಗವತರು ಎತ್ತುಗಡೆ ಕೊಟ್ಟು ವೇಷಧಾರಿಯನ್ನು ಕುಣಿಸುವುದನ್ನು ಕಂಡಿದ್ದೇವೆ. ಇವನು ಕ್ರೀಡಾಂಗಣವನ್ನೇ ಕುಣಿಸಿದ.

ಅದು ದೈವಕೃಪೆಯಿಂದ ಆಗಿದ್ದೂ ಅಲ್ಲ. ಇಷ್ಟೇ ಸಮಯ ಎಂದು ಗೊತ್ತಾದ ಕೂಡಲೇ ಲಂಡನ್ನಿನ ಒಂದು ಸಣ್ಣ ನಾಟಕಶಾಲೆ ಹಿಡಿದು, ಗಡಿಯಾರ ಇಟ್ಟುಕೊಂಡು, ಹಾಡುಗಳನ್ನು ಕತ್ತರಿಸಿ ಜೋಡಿಸಿ ದಿನಗಟ್ಟಲೆ ತಾಲೀಮು ಮಾಡಿದ್ದರು. ಬೇರೆಯವರು ಹೊಸ ಹಾಡು ಹಾಡಿದರು, ಇವರು ಜನಕ್ಕೆ ಬರುವ ಹಾಡು ಹಾಡಿದರು. ಇದರಲ್ಲಿ ಕಲಿಯುವುದು ಬಹಳ ಇದೆ, ವಿಶೇಷವಾಗಿ ನಮ್ಮ ಉತ್ಸವಗಳಲ್ಲಿ ಮೈಕು ಸಿಕ್ಕಿದರೆ ಬಿಡದ ಮಹನೀಯರಿಗೆ.

ರಂಗದಿಂದ ಇಳಿದರೆ ಆಸಾಮಿ ನಾಚಿಕೆಯವ. ಬಾಯಲ್ಲಿ ಹಿಂದೆ ನಾಲ್ಕು ಹೆಚ್ಚುವರಿ ಹಲ್ಲಿದ್ದವು, ಅದರಿಂದ ಮುಂದಿನ ಹಲ್ಲು ಉಬ್ಬಿದ್ದವು. ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದ. ದುಡ್ಡು ಬಂದ ಮೇಲೂ ಸರಿಮಾಡಿಸಿಕೊಳ್ಳಲಿಲ್ಲ, ಸ್ವರ ಕೆಟ್ಟೀತು ಎಂಬ ಹೆದರಿಕೆ. ರಂಗದ ಮೇಲೆ ಅವನು ಹಿಡಿಯುತ್ತಿದ್ದ ಅರ್ಧ ಮೈಕ್ ಸ್ಟ್ಯಾಂಡಿನ ಕಥೆಯೂ ಅಭಿಮಾನಿಗಳಿಗೆಲ್ಲ ಗೊತ್ತು: ಶುರುವಿನ ದಿನಗಳಲ್ಲಿ ಕಾರ್ಯಕ್ರಮದ ನಡುವೆ ಸ್ಟ್ಯಾಂಡ್ ಮುರಿಯಿತಂತೆ, ಕೈಲಿ ಉಳಿದ ತುಂಡಿನಲ್ಲೇ ಮುಂದುವರಿಸಿದನಂತೆ, ಆಮೇಲೆ ಕೊನೇತನಕ ಅದನ್ನು ಬಿಡಲಿಲ್ಲ. ಕತ್ತಿ, ಗದೆ, ರಾಜದಂಡ, ಗಿಟಾರು, ಬೇಕಾದಾಗ ಬೇಕಾದ್ದು ಆಗುತ್ತಿತ್ತು ಅದು.

ನಮ್ಮ ಬಳಗದಲ್ಲಿ ಅತಿ ಹೆಚ್ಚು ನಗೆ ಹುಟ್ಟಿಸಿದ್ದು 1984ರ ಒಂದು ವಿಡಿಯೋ. ಕ್ವೀನ್ ತಂಡದ ನಾಲ್ಕೂ ಜನ ಹೆಣ್ಣುವೇಷ ಹಾಕಿ ಬ್ರಿಟನ್ನಿನ ಒಂದು ಟೀವಿ ಧಾರಾವಾಹಿಯನ್ನು ಅಣಕಿಸಿದ್ದು. ಬ್ರಿಟನ್ನಿನವರು ನಕ್ಕರು, ಅಮೆರಿಕದವರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಸ್ತ್ರೀವೇಷ ನೋಡಿಯೇ ಬೆಳೆದ ನಮಗೆ ಅದರಲ್ಲಿ ಮುಜುಗರವೇ ಕಾಣಲಿಲ್ಲ. ನಮ್ಮವರ ಆಕ್ಷೇಪ ಇದ್ದದ್ದು ಒಂದೇ: ಮೀಸೆ ತೆಗೆಯದೆ ಸ್ತ್ರೀವೇಷ ಹಾಕುವುದು ಎಂಥಾ ಮೇಳದ ಪದ್ಧತಿ?

ನಗೆ ಅಲ್ಲಿಗೇ ನಿಲ್ಲುತ್ತದೆ. ರಂಗದ ಮೇಲೆ ಸ್ತ್ರೀವೇಷಕ್ಕೆ ಶಿಳ್ಳೆ ಹೊಡೆದವರೇ ಚೌಕಿಯ, ಅಂದರೆ ಬಣ್ಣದ ಮನೆಯ, ಹಿಂದೆ ಅದೇ ಕಲಾವಿದನ ನಡಿಗೆಯನ್ನು ಆಡಿಕೊಳ್ಳುವುದನ್ನು ನಾನು ಕೇಳಿದ್ದೇನೆ. ಫ್ರೆಡ್ಡಿ ಗಂಡಸರನ್ನು ಪ್ರೀತಿಸಿದ ಎನ್ನುವುದನ್ನು ನಮ್ಮ ದೋಸ್ತರ ಮಾತಿನಲ್ಲೂ ಬಹಳ ಕಾಲ ಹಾರಿಸಿಯೇ ಹೋಗುತ್ತಿದ್ದೆವು, 'ಅದೊಂದು ಬಿಟ್ಟರೆ' ಎನ್ನುವ ಹಾಗೆ. ನಮ್ಮಲ್ಲೇ ಒಬ್ಬನಿಗೆ 'ಅದೊಂದೇ' ಮುಖ್ಯವಾಗಿತ್ತು ಎಂದು ತಿಳಿದಿದ್ದು ಅವನು ಊರು ಬಿಟ್ಟು ಬೆಂಗಳೂರು ಸೇರಿದ ಮೇಲೆ. "ನೀವೆಲ್ಲ ಆ ಕ್ಯಾಸೆಟ್ಟಿಗೆ ಕುಣೀತಿದ್ರಿ. ನಾನು ಅದರ ಜೊತೆ ಬದುಕಿದೆ ಮಾರಾಯ" ಅಂದ. ಅಭಿಮಾನಿಗಳ ನೆನಪು ಎಂದರೆ ಜಾಕೆಟ್ಟು, ಮೀಸೆ ಎಂದು ಪಟ್ಟಿ ಮಾಡುವವರು ಇಂಥದ್ದನ್ನೂ ಸೇರಿಸಿಕೊಳ್ಳಬೇಕು.

ಅವನ ಕಾಯಿಲೆಯ ಕಾಲದಲ್ಲಿ ಅಲ್ಲಿನ ಪತ್ರಿಕೆಗಳು ಮನೆಯ ಗೇಟಿಗೇ ಕ್ಯಾಮೆರಾ ಹಿಡಿದು ಕೂತಿದ್ದವು. ತನಗೆ ಏಡ್ಸ್ ಇದೆ ಎಂದು ಅವನು ಹೇಳಿಕೆ ಕೊಟ್ಟಿದ್ದು 1991ರ ನವೆಂಬರ್ 23ರಂದು, ಹೋಗಿದ್ದು ಮರುದಿನ, 45ನೇ ವಯಸ್ಸಿಗೆ. ಮುಚ್ಚಿಟ್ಟ ಎಂದು ದೂರುವವರಿದ್ದಾರೆ. ಹೆದ್ದಾರಿ ಬದಿಯ ಗೋಡೆಗಳಲ್ಲಿ ಏಡ್ಸ್ ಎಚ್ಚರಿಕೆ ಬರೆದಿದ್ದ ಆ ದಿನಗಳಲ್ಲಿ, ಲಾರಿ ಓಡಿಸಿ ಬಂದು ಹಾಸಿಗೆ ಹಿಡಿದವರ ಮನೆಗೆ ಊರವರು ಹೇಗೆ ಹೋಗದೇ ಉಳಿದರು ಎಂದು ನೋಡಿದ ನಾನಂತೂ ದೂರಲಾರೆ. ಅವನು ಕೊನೆಯ ವರ್ಷಗಳನ್ನು ಕಳೆದಿದ್ದು ಕೆಲಸದಲ್ಲಿ. 1990ರಲ್ಲಿ ನಡೆಯುವುದೂ ಕಷ್ಟವಾಗಿದ್ದಾಗ, ಇಷ್ಟು ಎತ್ತರದ ಹಾಡು ಇವನಿಂದ ಆದೀತೇ ಎಂದು ಗಿಟಾರಿನ ಬ್ರಯನ್ ಮೇ ಅನುಮಾನಪಟ್ಟಿದ್ದರು. ಇವನು ಒಂದು ಗುಟುಕು ವೋಡ್ಕಾ ಏರಿಸಿ ಹಾಡಿ ಮುಗಿಸಿದ ಎಂದು ಅವರೇ ಹೇಳಿದ್ದಾರೆ. ಆ ರೆಕಾರ್ಡಿಂಗಿನಲ್ಲಿ ರೋಗಿಯ ದನಿ ಹುಡುಕಿ ನೋಡಿ, ಸಿಕ್ಕುವುದಿಲ್ಲ.

ಇನ್ನು 'ಅವನು ನಮ್ಮವ' ಎನ್ನುವ ಗಲಾಟೆ. ಹುಟ್ಟಿದ್ದು ಆಫ್ರಿಕದ ಜಂಜಿಬಾರ್ ದ್ವೀಪ, ಹೆಸರು ಫರೋಖ್ ಬಲ್ಸಾರಾ, ಗುಜರಾತ್ ಮೂಲದ ಪಾರ್ಸಿ ಮನೆ. ಎಂಟರ ವಯಸ್ಸಿನ ಸುಮಾರಿಗೆ ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆ. ಅಲ್ಲೇ ಪಿಯಾನೋ, ಅಲ್ಲೇ ಹುಡುಗರ ಮೊದಲ ಬ್ಯಾಂಡು 'ದ ಹೆಕ್ಟಿಕ್ಸ್'. ತಮಾಷೆಯೆಂದರೆ ಅದರಲ್ಲಿ ಮುಖ್ಯ ಹಾಡುಗಾರ ಅವನಲ್ಲ, ಅವನು ಪಿಯಾನೋದವ. 1964ರ ಜಂಜಿಬಾರ್ ಕ್ರಾಂತಿಯಲ್ಲಿ ಮನೆಮಂದಿಯೆಲ್ಲ ಇಂಗ್ಲೆಂಡಿಗೆ ಹೋದರು. ಆಮೇಲೆ ಈಲಿಂಗ್ ಕಲಾಶಾಲೆ, ಹೀಥ್ರೋ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಕೆಲಸ, 1970ರಲ್ಲಿ ಕ್ವೀನ್. ಭಾರತದಲ್ಲಿ ಕಳೆದ ದಿನಗಳ ಬಗ್ಗೆ ಅವನು ಸಾರ್ವಜನಿಕವಾಗಿ ಮಾತಾಡಿದ್ದು ತೀರಾ ಕಡಿಮೆ. ಬದುಕಿದ್ದಾಗ ಅವನು ಹೇಳಿಕೊಳ್ಳದ ನೆಂಟಸ್ತಿಕೆಯನ್ನು ಈಗ ನಾವು ಎದೆತಟ್ಟಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಅಂತ್ಯಸಂಸ್ಕಾರ ಪಾರ್ಸಿ ವಿಧಿಯಲ್ಲೇ ಆಯಿತು ಎನ್ನುವುದೂ ನಿಜ. ಅದು ಅವನ ಮನೆಯ ವಿಷಯ. ಪಂಚಗಣಿಯವರು ಹೆಮ್ಮೆಪಡಲಿ, ಹಕ್ಕಿದೆ. ನಮಗೆ ಕಾರವಾರದವರಿಗೆ ನೆಂಟಸ್ತಿಕೆ ಬೇಕಾಗಿಯೂ ಇಲ್ಲ. 1981ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸ್ಪ್ಯಾನಿಷ್ ಮಾತಾಡುವ ಜನ ಅವನ ಇಂಗ್ಲಿಷ್ ಪ್ರೇಮಗೀತೆಯನ್ನು ಪೂರ್ತಿ ಹಾಡಿದರು, ಅವನು ಹಾಡುವುದು ಬಿಟ್ಟು ಕೇಳಿಸಿಕೊಂಡ. ಅವರೇನು ಅವನ ಗೋತ್ರ ಕೇಳಿದ್ದರೇ?

ಅವನ ಮೇಲೆ ಬಂದ 2018ರ 'ಬೊಹೀಮಿಯನ್ ರಾಪ್ಸಡಿ' ಸಿನಿಮಾ ಬಗ್ಗೆ ಒಂದೆರಡು ಮಾತು ಹೇಳದೆ ಬಿಡಲಾರೆ. ಫ್ರೆಡ್ಡಿಯ ಪಾತ್ರ ಮಾಡಿದ ರಾಮಿ ಮಲೆಕ್‌ಗೆ ಆಸ್ಕರ್ ಬಂತು, ಬರಲಿ, ಚೆನ್ನಾಗಿಯೇ ಮಾಡಿದ್ದಾನೆ. ಆದರೆ ಕಥೆಯಲ್ಲಿ ತಂಡ ಒಡೆದುಹೋಗಿ, ಲೈವ್ ಏಡ್‌ಗಾಗಿ ಮತ್ತೆ ಒಂದಾಗಿ, ಅದಕ್ಕೆ ಮೊದಲೇ ಕಾಯಿಲೆಯ ಸುದ್ದಿ ಹೇಳಿ ಎಲ್ಲರೂ ಕಣ್ಣೊರೆಸಿಕೊಳ್ಳುವ ಹಾಗೆ ತೋರಿಸಿದ್ದಾರೆ. ನಿಜದಲ್ಲಿ ತಂಡ 1985ರ ಮೇ ತಿಂಗಳವರೆಗೂ ಊರೂರು ಸುತ್ತಿ ಹಾಡುತ್ತಲೇ ಇತ್ತು. ರೋಗ ಗೊತ್ತಾಗಿದ್ದು ಲೈವ್ ಏಡ್ ಆದ ಮೇಲೆ ಎಂದು ಅವನ ಸಂಗಾತಿ ಜಿಮ್ ಹಟನ್ ಹೇಳಿದ್ದಾರೆ. ಆ ಇಪ್ಪತ್ತು ನಿಮಿಷದ ಹಿಂದೆ ಇದ್ದದ್ದು ತಾಲೀಮು. ಸಿನಿಮಾದವರಿಗೆ ಅದು ಸಾಕಾಗಲಿಲ್ಲ, ಸಾವನ್ನು ಎಳೆದು ತಂದು ಪಕ್ಕದಲ್ಲಿ ಕೂರಿಸಿದರು.

ಹಾಗಾಗಿ ಹೊಸಬರು ಯಾರಾದರೂ ಶುರು ಮಾಡುವುದಾದರೆ ಸಿನಿಮಾದಿಂದ ಬೇಡ. ಮೊದಲು ಲೈವ್ ಏಡ್ ವಿಡಿಯೋ ಪೂರ್ತಿ ನೋಡಿ, ಆಮೇಲೆ 1986ರ ಬುಡಾಪೆಸ್ಟ್ ಕಾರ್ಯಕ್ರಮ. ಕಿರೀಟ, ಹಳದಿ ಜಾಕೆಟ್ ಎರಡೂ ಅದರಲ್ಲಿವೆ. ಬೊಹೀಮಿಯನ್ ರಾಪ್ಸಡಿಯನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಿ "ಇಷ್ಟೇನಾ" ಎನ್ನಬೇಡಿ, ಹೆಡ್‌ಫೋನ್ ಹಾಕಿ. ಮತ್ತೆ ಶಿರಸಿ-ಕುಮಟಾ ಬಸ್ಸಿನಲ್ಲಿ ಕೇಳುತ್ತೇನೆ ಎಂದುಕೊಂಡವರು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹತ್ತಿ. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಹೋಗುವುದು ಸರಿಯಾಗಿ ಆ ಗುಂಪುಗಾಯನದ ಜಾಗಕ್ಕೇ.