ಎಡಿಟಿಂಗ್‌ನಲ್ಲಿ ಸರಿ ಮಾಡ್ಕೊಳ್ಳೋಣ ಬಿಡಿ

ಶೂಟಿಂಗ್ ಜಾಗದಲ್ಲಿ ನನಗೆ ಮೈ ಉರಿಯುವ ಮಾತು ಒಂದೇ. "ಇರಲಿ ಬಿಡಿ, ಎಡಿಟಿಂಗ್‌ನಲ್ಲಿ ಸರಿ ಮಾಡ್ಕೊಳ್ಳೋಣ." ಹೇಳುವವರು ಯಾರೋ, ಸರಿ ಮಾಡಬೇಕಾದವಳು ನಾನು. ಸಂದರ್ಶನ, ತರಬೇತಿ ವಿಡಿಯೊ, ಸಂಸ್ಥೆಗಳ ಪರಿಚಯದ ಚಿತ್ರ, ಇವೇ ನನ್ನ ಹೊಟ್ಟೆಪಾಡು. ಬೇರೆಯವರು ಶೂಟ್ ಮಾಡಿ ತಂದು ಸುರಿದ ಗಂಟೆಗಟ್ಟಲೆ ಫೂಟೇಜ್ ಮುಂದೆ ಕೂತು ಎಷ್ಟೋ ರಾತ್ರಿ ಕಳೆದಿದ್ದೇನೆ. ಅದಕ್ಕೇ ಈ ಸಿಟ್ಟು.

ಮೊನ್ನೆ ಒಬ್ಬರು ಕೇಳಿದರು, "ಎರಡೇ ನಿಮಿಷದ ವಿಡಿಯೊ ಅಲ್ವಾ, ಮೂರು ವಾರ ಯಾಕೆ?" ಕ್ಯಾಮೆರಾ ಓಡುವುದು ಒಂದೇ ದಿನ, ನಿಜ. ಆದರೆ ಆ ಒಂದು ದಿನ ಚೆನ್ನಾಗಿ ಹೋಗಬೇಕು ಅಂದರೆ ಅದಕ್ಕೆ ಮುಂಚೆ ಒಂದು ವಾರ ತಲೆ ಕೆಡಿಸಿಕೊಂಡಿರಬೇಕು. ತಲೆ ಕೆಡಿಸಿಕೊಳ್ಳದಿದ್ದರೆ ಆ ಕೆಲಸ ಮಾಯ ಆಗಲ್ಲ, ನನ್ನ ಟೇಬಲ್‌ಗೆ ಬಂದು ಕೂರುತ್ತದೆ ಅಷ್ಟೇ.

ಮೊದಲು ಕೇಳಬೇಕಾದ್ದು ಯಾವ ಕ್ಯಾಮೆರಾ ಅಂತಲ್ಲ. ಇದನ್ನು ಯಾರು ನೋಡುತ್ತಾರೆ, ಎಲ್ಲಿ ನೋಡುತ್ತಾರೆ? ದೊಡ್ಡ ಪರದೆಯಲ್ಲೋ, ಮೊಬೈಲ್‌ನಲ್ಲೋ, ಸೌಂಡ್ ಆಫ್ ಮಾಡಿಕೊಂಡೋ? ಇದನ್ನು ಕೇಳದೆ ಹೊರಟರೆ ಏನಾಗುತ್ತದೆ ಹೇಳುತ್ತೇನೆ. ಒಮ್ಮೆ ಇಬ್ಬರನ್ನು ಅಕ್ಕಪಕ್ಕ ಕೂರಿಸಿ ಅಗಲದ 16:9 ಚೌಕಟ್ಟಿನಲ್ಲಿ ತೆಗೆದ ಸಂಭಾಷಣೆ ನನ್ನ ಕೈಗೆ ಬಂತು. ನೋಡೋಕೆ ಚೆಂದವಾಗಿಯೇ ಇತ್ತು. ಎಲ್ಲಾ ಮುಗಿದ ಮೇಲೆ "ಇದನ್ನೇ ಮೊಬೈಲ್‌ಗೆ ಉದ್ದುದ್ದ ಕೊಟ್ಟುಬಿಡಿ" ಅಂದರು. 16:9 ಚಿತ್ರದಿಂದ 9:16 ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗವೂ ಪೂರ್ತಿ ಉಳಿಯಲ್ಲ. ನನಗೆ ಸಿಕ್ಕಿದ್ದು ಒಬ್ಬರ ಕಿವಿ, ಇನ್ನೊಬ್ಬರ ಭುಜ, ಮಧ್ಯದಲ್ಲಿ ಒಂದು ಹೂದಾನಿ. ಮೊದಲೇ ಹೇಳಿದ್ದರೆ ಪ್ರತಿಯೊಬ್ಬರದ್ದೂ ಬೇರೆ ಬೇರೆ ಶಾಟ್ ತೆಗೆಯುತ್ತಿದ್ದರು, ಹತ್ತು ನಿಮಿಷದ ಕೆಲಸ.

ಸ್ಕ್ರಿಪ್ಟ್ ವಿಷಯದಲ್ಲಿ ನನ್ನದು ಒಂದೇ ಹಟ. ಮೊಬೈಲ್‌ನಲ್ಲಿ ಟೈಮರ್ ಇಟ್ಟು ಜೋರಾಗಿ ಓದಿ. ಕಾಗದದ ಮೇಲೆ ಪುಟ್ಟದಾಗಿ ಕಾಣುವ ಪ್ಯಾರಾ ಬಾಯಿಗೆ ಬಂದರೆ ಒಂದು ನಿಮಿಷ ನುಂಗುತ್ತದೆ. ಆಮೇಲೆ ಶಾಟ್ ಲಿಸ್ಟ್, ಯಾರು ಎಷ್ಟು ಹೊತ್ತಿಗೆ ಎಲ್ಲಿರಬೇಕು ಅನ್ನುವ ಕಾಲ್ ಶೀಟ್, ಜಾಗದ ಅನುಮತಿ, ಮುಖ ತೋರಿಸುವವರ ಒಪ್ಪಿಗೆ ಪತ್ರ. ಬೋರಿಂಗ್ ಕೆಲಸ, ಮಾಡಲೇಬೇಕು, ಮುಂದಕ್ಕೆ ಹೋಗೋಣ.

ಜಾಗ ನೋಡೋಕೆ ಹೋಗುವುದು ಮಾತ್ರ ನನಗೆ ಇಷ್ಟ. ಶೂಟಿಂಗ್ ಯಾವ ಹೊತ್ತಿಗೆ ಇದೆಯೋ ಅದೇ ಹೊತ್ತಿಗೆ ಹೋಗಬೇಕು. ಬೆಳಿಗ್ಗೆ ಹಿತವಾಗಿ ಬೆಳಕು ಬರುವ ಕಿಟಕಿ ಮಧ್ಯಾಹ್ನ ನೇರ ಮುಖಕ್ಕೆ ಬಿಸಿಲು ಹೊಡೆಯಬಹುದು. ಪ್ಲಗ್ ಎಲ್ಲಿದೆ ನೋಡಿಕೊಂಡು, ಆಮೇಲೆ ಎರಡು ನಿಮಿಷ ಕಣ್ಣು ಮುಚ್ಚಿ ಸುಮ್ನೆ ನಿಲ್ಲಬೇಕು. ಆಗ ಕೇಳಿಸುತ್ತದೆ ಫ್ರಿಜ್ಜು, ಎಸಿ, ಲಿಫ್ಟು, ಪಕ್ಕದ ಮನೆಯ ಡ್ರಿಲ್ಲು. ನಮ್ಮ ಕಿವಿಗೆ ಇವೆಲ್ಲ ಅಭ್ಯಾಸ ಆಗಿರುತ್ತವೆ, ಮೈಕಿಗೆ ಆ ಅಭ್ಯಾಸ ಇಲ್ಲ.

ಚಿತ್ರ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಜನ ನೋಡುತ್ತಾರೆ. ಮಾತು ಸರಿಯಾಗಿ ಕೇಳಿಸದಿದ್ದರೆ ಹತ್ತು ಸೆಕೆಂಡ್ ಕೂಡ ಕೂರಲ್ಲ, ಎದ್ದು ಹೋಗುತ್ತಾರೆ. ಆದರೂ ಲೈಟಿಗೆ ಎರಡು ಗಂಟೆ, ಮೈಕಿಗೆ ಎರಡು ನಿಮಿಷ. ಇದು ಯಾವ ನ್ಯಾಯವೋ ನನಗಂತೂ ಗೊತ್ತಿಲ್ಲ.

ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಒಂದು ಸಂದರ್ಶನ, ಚಿಕ್ಕ ಕೋಣೆ, ನಾನೂ ಅಲ್ಲೇ ಇದ್ದೆ. ಎಸಿ ಆಫ್ ಮಾಡಿ ಶುರು ಮಾಡಿದೆವು. ಅರ್ಧ ಗಂಟೆಗೆ ಎಲ್ಲರೂ ಬೆವರಿ ತೊಪ್ಪೆ. ಯಾರೋ ಪಾಪ ಅಂತ ಆನ್ ಮಾಡಿದರು, ನಾನೂ ಸುಮ್ಮನಿದ್ದೆ, ಯಾಕಂದ್ರೆ ನನಗೂ ಸೆಕೆ. ಎಡಿಟಿಂಗ್‌ಗೆ ಕೂತಾಗ ಗೊತ್ತಾಯಿತು ಎಡವಟ್ಟು. ಅವರ ಒಂದು ಒಳ್ಳೆಯ ಮಾತಿನ ಮೊದಲರ್ಧ ಎಸಿ ಇಲ್ಲದಾಗ ಬಂದಿದೆ, ಉಳಿದರ್ಧ ಎಸಿ ಗುಂಯ್ ಅನ್ನುವಾಗ. ಜೋಡಿಸಿದರೆ ಮಾತಿನ ನಡುವೆ ಯಾರೋ ಬಾಗಿಲು ತೆರೆದ ಹಾಗೆ. ಗುಂಯ್ ತೆಗೆಯೋಕೆ ಹೋದರೆ ದನಿಯೂ ಸವೆದು ನೀರೊಳಗಿಂದ ಮಾತಾಡಿದಂತಾಗುತ್ತದೆ. ಕೊನೆಗೆ ಎಸಿ ಇಲ್ಲದ ಅರ್ಧಕ್ಕೂ ಬೇಕಂತಲೇ ಎಸಿ ಸದ್ದು ಸೇರಿಸಿ ಎರಡನ್ನೂ ಒಂದು ಮಾಡಿದೆ. ಸದ್ದು ತೆಗೆಯುವ ಕೆಲಸಕ್ಕೆ ಕೂತವಳು ಸದ್ದು ಹಾಕಿ ಎದ್ದೆ.

ಅದೂ ಸಾಧ್ಯವಾಗಿದ್ದು ಸೌಂಡ್ ರೆಕಾರ್ಡ್ ಮಾಡುವ ಹುಡುಗ ಕೊನೆಯಲ್ಲಿ ಒಂದು ನಿಮಿಷ ರೂಮ್ ಟೋನ್ ತೆಗೆದುಕೊಂಡಿದ್ದಕ್ಕೆ. ಅಂದರೆ ಎಲ್ಲರೂ ಇದ್ದಲ್ಲೇ ಇದ್ದು, ಉಸಿರು ಬಿಗಿಹಿಡಿದು, ಯಾರೂ ಮಾತಾಡದೆ ಆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡುವುದು. ಆ ಒಂದು ನಿಮಿಷ ಯಾರಾದರೂ ಕಿಸಕ್ಕಂತ ನಕ್ಕೇ ನಗುತ್ತಾರೆ, ಮತ್ತೆ ಮೊದಲಿಂದ ಶುರು. ಅಂದಹಾಗೆ ಫ್ರಿಜ್ ಆಫ್ ಮಾಡಿದರೆ ನಿಮ್ಮ ಗಾಡಿ ಕೀಲಿ ಅದರೊಳಗೆ ಇಡಿ. ಮತ್ತೆ ಆನ್ ಮಾಡದೆ ಮನೆಗೆ ಹೋಗೋಕೆ ಆಗಲ್ಲ. ಸೌಂಡ್‌ನವರ ಹಳೇ ಉಪಾಯ ಇದು.

ಕ್ಯಾಮೆರಾ ಕಡೆಯಲ್ಲೂ ಆಮೇಲೆ ಕೈ ಹಾಕೋಕೆ ಆಗದ ವಿಷಯಗಳಿವೆ. ಫೋಕಸ್ ಹೋದರೆ ಹೋಯಿತು. ಕರೆಂಟು 50 ಹರ್ಟ್ಸ್ ಇರುವ ಕಡೆ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಒಳಗೆ ಬಿಡುವ ಹೊತ್ತು) 1/60 ಸೆಕೆಂಡ್ ಇಟ್ಟರೆ ಕೆಲವು ದೀಪಗಳು ಚಿತ್ರದಲ್ಲಿ ಮಿಣಮಿಣ ಅನ್ನುತ್ತವೆ, ಅಲ್ಲಿ 1/50 ಇಡಬೇಕು. ಸಂದರ್ಶನದಲ್ಲಿ ಪ್ರಶ್ನೆ ಕೇಳಿದವರ ದನಿ ತೆಗೆದುಹಾಕುವುದಿದ್ದರೆ, ಉತ್ತರದ ಒಳಗೇ ಪ್ರಶ್ನೆ ಬರುವ ಹಾಗೆ ಮಾತಾಡಿಸಬೇಕು. "ಹೌದು, ಅದೇ ಕಾರಣ" ಅಂತ ಉತ್ತರ ಇಟ್ಟುಕೊಂಡು ನಾನೇನು ಮಾಡಲಿ? ಇನ್ನು ಮಾತಿನ ಮೇಲೆ ಹಾಕುವ ಬಿ-ರೋಲ್, ಅಂದರೆ ಕೈ ಕೆಲಸ ಮಾಡುತ್ತಿರುವುದು, ಕಾರಿಡಾರು, ಕಿಟಕಿ ಇಂಥವು. ಪ್ರತಿ ಶಾಟನ್ನೂ ಹತ್ತು ಸೆಕೆಂಡ್ ಅಲುಗಾಡದೆ ಹಿಡಿದರೆ ನಿಮಗೆ ಪುಣ್ಯ ಬರುತ್ತದೆ. ಎರಡು ಸೆಕೆಂಡ್‌ಗೆ ಕ್ಯಾಮೆರಾ ತಿರುಗಿಸಿಬಿಟ್ಟರೆ ನಾನು ಕತ್ತರಿ ಎಲ್ಲಿ ಹಾಕಲಿ?

ಕಾರ್ಡ್ ತುಂಬಿದ ಮೇಲೆ ಎರಡು ಬೇರೆ ಬೇರೆ ಡ್ರೈವ್‌ಗೆ ಕಾಪಿ, ಎರಡೂ ತೆರೆದು ನೋಡಿ, ಆಮೇಲೆ ಫಾರ್ಮ್ಯಾಟ್. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದರೆ ಗಂಟೆಗೆ ಸುಮಾರು 45 ಜಿಬಿ, ಕಾಪಿ ಆಗೋಕೆ ಹೊತ್ತು ಹಿಡಿಯುತ್ತದೆ. ಎಲ್ಲರಿಗೂ ಮನೆ ಸೇರುವ ಅವಸರ. ಆದರೆ ಎರಡೂ ಡ್ರೈವ್ ಒಂದೇ ಬ್ಯಾಗಿಗೆ ಹಾಕಿ ಹೊರಟರೆ ಬ್ಯಾಗ್ ಕಳೆದ ದಿನ ಎರಡೂ ಹೋಗುತ್ತವೆ, ಅಲ್ವಾ.

ಇನ್ನು ನನ್ನ ಟೇಬಲ್. ಮೊದಲು ಮಾತನ್ನೆಲ್ಲ ಬರಹಕ್ಕೆ ಇಳಿಸಿಕೊಂಡು, ಬೇಕಾದ ಸಾಲಿಗೆ ಗೆರೆ ಹಾಕಿ, ಕಾಗದದ ಮೇಲೇ ಕಥೆ ಜೋಡಿಸುತ್ತೇನೆ. ಆಮೇಲೆ ರಫ್ ಕಟ್, ಅಂದರೆ ಮೊದಲ ಕಚ್ಚಾ ಜೋಡಣೆ. ಇದನ್ನು ತೋರಿಸುವಾಗ ಸಂಗೀತ ಹಾಕಲ್ಲ. ಒಳ್ಳೆ ಸಂಗೀತ ಹಾಕಿದರೆ ಸಪ್ಪೆ ಭಾಗವೂ ಚೆನ್ನಾಗಿದೆ ಅನ್ನಿಸಿ ಎಲ್ಲರೂ ತಲೆ ಆಡಿಸುತ್ತಾರೆ, ನಿಜವಾದ ತೊಂದರೆ ಕೊನೆಗೆ ಕಾಣುತ್ತದೆ. ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದೋಕೆ ಅನುಕೂಲವಾಗಲಿ ಅಂತ ಬೇಕಂತಲೇ ಸಪ್ಪೆಯಾಗಿ ತೆಗೆಯುವ ಬಗೆ) ತೆಗೆದ ಚಿತ್ರ ಬೂದಿ ಬಳಿದ ಹಾಗೆ ಇರುತ್ತದೆ, ಅದನ್ನು ನೋಡಿ ಗಾಬರಿಯಾಗಿ ರಾತ್ರಿ ಹತ್ತಕ್ಕೆ ಫೋನ್ ಮಾಡಿದವರಿದ್ದಾರೆ. ಬಣ್ಣ ಆಮೇಲೆ ಬರುತ್ತೆ ಸ್ವಾಮಿ.

ಅದಕ್ಕೆ ಮುಂಚೆ ಪಿಕ್ಚರ್ ಲಾಕ್ ಆಗಬೇಕು. ಇನ್ನು ಮೇಲೆ ಒಂದು ಫ್ರೇಮೂ ಹಿಂದೆಮುಂದೆ ಆಗಲ್ಲ ಅಂತ ಎಲ್ಲರೂ ಒಪ್ಪಿದ ಮೇಲೇ ಬಣ್ಣ, ಸೌಂಡ್ ಮಿಕ್ಸ್, ಸಂಗೀತ, ಸಬ್‌ಟೈಟಲ್. ಒಬ್ಬರು ಲಾಕ್ ಆಗಿ ನಾಲ್ಕು ದಿನಕ್ಕೆ "ಆ ಒಂದು ವಾಕ್ಯ ತೆಗೆದುಬಿಡಿ, ನಾಲ್ಕೇ ಸೆಕೆಂಡ್" ಅಂದರು. ನಾಲ್ಕು ಸೆಕೆಂಡ್ ತೆಗೆದರೆ ಅಲ್ಲಿಂದ ಮುಂದಿನ ಸಬ್‌ಟೈಟಲ್ ಎಲ್ಲಾ ಜರುಗಬೇಕು, ಸಂಗೀತ ಏರುವ ಜಾಗ ತಪ್ಪುತ್ತದೆ, ಮಿಕ್ಸ್ ಮತ್ತೆ ತೆರೆಯಬೇಕು. ಎರಡು ದಿನ ಹಿಡಿಯಿತು. ಅವರಿಗೆ ಇವತ್ತಿಗೂ ನಾನು ಸೋಮಾರಿ ಅಂತಲೇ ಅನುಮಾನ.

ಸದ್ದಿನ ಅಳತೆಯೂ ಎಲ್ಲಾ ಕಡೆ ಒಂದೇ ಅಲ್ಲ. ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವುದನ್ನು ಎಲ್‌ಯುಎಫ್‌ಎಸ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ, ಸೊನ್ನೆಗೆ ಹತ್ತಿರ ಆದಷ್ಟೂ ಜೋರು. ಯುರೋಪಿನ ಟೀವಿ ಪ್ರಸಾರದ ಅಳತೆ -23 ಎಲ್‌ಯುಎಫ್‌ಎಸ್. ಯೂಟ್ಯೂಬ್ ಸುಮಾರು -14ಕ್ಕಿಂತ ಜೋರಿದ್ದರೆ ತಾನೇ ತಗ್ಗಿಸುತ್ತದೆ. ಕಿರುಚಿಸಿ ಕೊಟ್ಟು ಏನೂ ಲಾಭ ಇಲ್ಲ.

ಎಡಿಟಿಂಗ್‌ನಲ್ಲಿ ಏನೂ ಸರಿ ಹೋಗಲ್ಲ ಅಂತ ನಾನು ಹೇಳುತ್ತಿಲ್ಲ. ಕೆಮ್ಮು ತೆಗೆಯಬಹುದು, ಸ್ವಲ್ಪ ಕತ್ತಲಾದ ಮುಖ ಎತ್ತಬಹುದು, ಒಂದೇ ಮಾತನ್ನು ಮೂರು ಸಲ ಹೇಳಿದ್ದನ್ನು ಒಂದು ಮಾಡಬಹುದು. ಅದು ನನ್ನ ಕೆಲಸ, ಖುಷಿಯಿಂದಲೇ ಮಾಡುತ್ತೇನೆ. ಆದರೆ ಶೂಟಿಂಗ್‌ನಲ್ಲಿ ಯಾರಾದರೂ "ಇನ್ನೊಂದು ಟೇಕ್ ಬೇಕಾ?" ಅಂತ ಕೇಳಿದಾಗ ಗಡಿಯಾರ ನೋಡಬೇಡಿ. ಕ್ಯಾಮೆರಾ ನಿಂತಿದೆ, ಲೈಟ್ ಇದೆ, ಮೈಕ್ ಹಾಕಿದೆ, ಮನುಷ್ಯರು ಎದುರಿಗೇ ಕೂತಿದ್ದಾರೆ. ಮುಂದಿನ ವಾರ ನನ್ನ ಟೇಬಲ್ ಮೇಲೆ ಇವು ಯಾವುವೂ ಇರಲ್ಲ.